ಗ್ಲೌಸ್ ಕಳಚುವಷ್ಟು ಹೊತ್ತು

ಆ ಅಜ್ಜಿ ನನ್ನನ್ನು ಮೊದಲ ಸಲ ಕಚ್ಚಿದ್ದು ಎಡಗೈಗೆ, ಗಡಿಯಾರ ಕಟ್ಟುವ ಜಾಗಕ್ಕಿಂತ ಎರಡು ಬೆರಳು ಮೇಲೆ. ಕೆಳಸಾಲಿನಲ್ಲಿ ಅವರಿಗೆ ಉಳಿದಿದ್ದದ್ದು ಐದು ಹಲ್ಲು. ಐದರ ಗುರುತೂ ಮೂಡಿತ್ತು. ಚರ್ಮ ಹರಿದಿರಲಿಲ್ಲ, ನಡುವೆ ಹಳದಿ ಗೌನಿನ ಉದ್ದ ತೋಳಿತ್ತು. ನಾನು ಮಾಡಿದ್ದು ಇಷ್ಟೇ: ಬಗ್ಗಿ, "ಅಜ್ಜಿ, ನಮಸ್ಕಾರ, ನಾನೂ ಕನ್ನಡದವಳೇ" ಎಂದು ಅವರ ಭುಜ ಮುಟ್ಟಿದ್ದು.

ಸಿಂಗಪುರದ ಬೆಡೋಕ್‌ನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ನಾನು ನರ್ಸ್. ನಾವೆಲ್ಲ ಅದನ್ನು ಹೋಮ್ ಎನ್ನುತ್ತೇವೆ. ಆಗ ನಾನು ಸೇರಿ ಎರಡನೆಯ ವರ್ಷ ನಡೆಯುತ್ತಿತ್ತು. ನನ್ನ ಕೆಲಸ ಇದ್ದದ್ದು ಎರಡನೆಯ ಮಹಡಿಯಲ್ಲಿ. ನಾಲ್ಕನೆಯ ಮಹಡಿಯ ಮ್ಯಾನೇಜರ್ ನನ್ನನ್ನು ಕರೆಸಿಕೊಂಡದ್ದು ಒಂದೇ ಕಾರಣಕ್ಕೆ. ಹೊಸದಾಗಿ ಬಂದ ಅಜ್ಜಿಗೆ ಮರೆವಿನ ಕಾಯಿಲೆ. ಅವರಿಗೆ ತಿಳಿದಿದ್ದ ಉಳಿದ ಭಾಷೆಗಳೆಲ್ಲ ಹೋಗಿ ಕನ್ನಡವೊಂದೇ ಉಳಿದಿತ್ತು. ಇಡೀ ಹೋಮಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ.

ಅವರಿಗೆ ತುರಿಕಜ್ಜಿ ಆಗಿತ್ತು. ಸಾಮಾನ್ಯವಾದದ್ದಲ್ಲ. ಅಂಗೈ, ಬೆರಳಿನ ಸಂದು, ಮೊಣಕೈ, ಸೊಂಟ, ಎಲ್ಲ ಕಡೆ ಬೂದು ಬಣ್ಣದ ಹಕ್ಕಳೆ ಗಟ್ಟಿಯಾಗಿ ಕೂತಿತ್ತು. ಕಣ್ಣಿಗೆ ಕಾಣದ ಹುಳು ಆ ಹಕ್ಕಳೆಯೊಳಗೆ ತುಂಬಿರುತ್ತದೆ. ಒಂದು ಹಕ್ಕಳೆ ಹಾಸಿಗೆಯ ಮೇಲೆ ಉದುರಿದರೆ ಸಾಕು, ಇಡೀ ಮಹಡಿಗೆ ಹರಡುತ್ತದೆ. ಆದ್ದರಿಂದ ಅವರನ್ನು ಒಬ್ಬರೇ ಇರುವ ಕೋಣೆಯಲ್ಲಿ ಇಟ್ಟಿದ್ದರು. ಬಾಗಿಲಿಗೆ ಎಚ್ಚರಿಕೆಯ ಫಲಕ. ಒಳಗೆ ಹೋಗುವವರು ಗೌನು, ಗ್ಲೌಸ್ ತೊಡಬೇಕು. ಹೊರಗೆ ಬರುವ ಮೊದಲು ಅಲ್ಲೇ ಕಳಚಿ, ಕೈ ತೊಳೆಯಬೇಕು. ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಕೆಳಗೂ ಬಿಡದೆ ಮುಲಾಮು ಹಚ್ಚಬೇಕು, ಮರುದಿನ ಬೆಳಿಗ್ಗೆ ಸ್ನಾನ ಮಾಡಿಸಬೇಕು, ಕೆಲವು ದಿನ ಬಿಟ್ಟು ಮತ್ತೆ ಹಚ್ಚಬೇಕು. ಹೀಗೆ ಮೂರು ವಾರ.

ಮೊದಲ ಸಲ ಮುಲಾಮು ಹಚ್ಚಲು ನಾಲ್ವರು ಬೇಕಾದೆವು. ಒಬ್ಬಳು ಭುಜ ಒತ್ತಿ ಹಿಡಿದಳು, ಒಬ್ಬಳು ಎರಡೂ ಮುಂಗೈ, ನಾನು ಕಾಲು. ನಾಲ್ಕನೆಯವಳು ಹಚ್ಚಿದಳು. ಮೂವತ್ತೆಂಟು ಕೆ.ಜಿ. ತೂಕದ ದೇಹ ಅದು. ಅದರಲ್ಲಿ ಅಷ್ಟು ಬಲ ಎಲ್ಲಿತ್ತೋ ತಿಳಿಯದು. ಬಲಗಾಲು ನನ್ನ ಹಿಡಿತದಿಂದ ಜಾರಿ, ಹಿಮ್ಮಡಿ ನನ್ನ ಗಲ್ಲಕ್ಕೆ ಬಡಿಯಿತು. ನಾಲಗೆ ಹಲ್ಲಿನ ನಡುವೆ ಸಿಕ್ಕಿತು. ಮಾಸ್ಕಿನೊಳಗೆ ರಕ್ತದ ರುಚಿ. ನಾನು ಕಾಲನ್ನು ಮತ್ತೆ ಹಿಡಿದು, ಮೊದಲಿಗಿಂತ ಬಿಗಿಯಾಗಿ ಒತ್ತಿದೆ. ಸಂಜೆ ನೋಡಿದಾಗ ಅವರ ಎರಡೂ ಕಾಲಿನ ಗಿಣ್ಣಿನಲ್ಲಿ ನನ್ನ ಬೆರಳಿನ ನೀಲಿ ಗುರುತು ಇತ್ತು. ಅದನ್ನು ನಾನೇ ಫೈಲಿನಲ್ಲಿ ಬರೆದೆ: "ಎಡ, ಬಲ ಕಾಲಿನ ಗಿಣ್ಣಿನಲ್ಲಿ ಕಂದಿದ ಗುರುತು." ಯಾರಿಂದ ಎಂದು ಬರೆಯಲಿಲ್ಲ. ಯಾರೂ ಕೇಳಲಿಲ್ಲ.

ನಮಗೆ ಇದನ್ನೆಲ್ಲ ಕಲಿಸಿದ್ದು ರಬ್ಬರಿನ ಗೊಂಬೆಯ ಮೇಲೆ. ಮುಟ್ಟುವ ಮೊದಲು ಹೇಳಿ, ಮುಖದಿಂದ ಶುರು ಮಾಡಿ, ಶುಚಿಯಾದ ಭಾಗದಿಂದ ಕೊಳೆಯ ಭಾಗಕ್ಕೆ ಹೋಗಿ, ಹಿಂದಕ್ಕೆ ಬರಬೇಡಿ. ಗೊಂಬೆ ಒದೆಯುತ್ತಿರಲಿಲ್ಲ.

ಮುಲಾಮು ಹಚ್ಚಿ ಮುಗಿಸಲು ಹಿಡಿದ ಇಪ್ಪತ್ತು ನಿಮಿಷವೂ ಅಜ್ಜಿ ಕೂಗುತ್ತಿದ್ದದ್ದು ಒಂದೇ ಮಾತು. "ಮುಟ್ಟಬೇಡ್ರೇ... ಎಲ್ಲಾ ಮುಟ್ಟಿಬಿಟ್ರಲ್ಲೇ... ಮುಂಡೇವಾ."

ಮುಲಾಮು ಹಚ್ಚುತ್ತಿದ್ದವಳು ಒಬ್ಬ ಕೇರ್ ಅಸಿಸ್ಟೆಂಟ್, ಮ್ಯಾನ್ಮಾರಿನವಳು, ನನ್ನದೇ ವಯಸ್ಸು. ನಮ್ಮ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅದನ್ನು ನನಗೆ ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ. ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ "ಲಾ" ಮಾತ್ರ ಹಾಗೇ ಬಿಟ್ಟಿದ್ದೇನೆ.

"ಏನಂತಿದಾರೆ? ನೋವು ಅಂತಾನಾ?" ಎಂದು ಕೇಳಿದಳು.

"ಮುಟ್ಟಬೇಡಿ ಅಂತಿದಾರೆ."

"ಮುಟ್ಟದೆ ಹೆಂಗೆ ಹಚ್ಚೋದು ಲಾ? ಸ್ಪ್ರೇ ಪೇಂಟಾ?"

ಭುಜ ಹಿಡಿದವಳು ನಕ್ಕಳು. ನಾನೂ ನಕ್ಕೆ. ಕಾಲು ಬಿಡದೆ ನಕ್ಕೆ.

ಮುಟ್ಟಬೇಡಿ ಎಂದರೆ ಏನು ಎಂದು ನನಗೆ ಹೊಳೆದದ್ದು ಮೂರನೆಯ ದಿನ, ಬಚ್ಚಲಲ್ಲಿ. ಕೈ ಶವರಿನ ನೀರು ಕಂಡರೆ ಅವರು ಹೆದರಿ ಕಿರುಚುತ್ತಿದ್ದರು. ಅಲ್ಲಿದ್ದ ನೀಲಿ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ತುಂಬಿ ಹೊಯ್ಯಲು ಹೋದೆ. ಅದನ್ನು ನೋಡಿ ಅವರು ನನ್ನ ಮುಖಕ್ಕೆ ಉಗಿದರು.

"ಪಾಯಿಖಾನೆ ಚೊಂಬಲ್ಲಿ ಸ್ನಾನ ಮಾಡಿಸ್ತೀಯೇನೇ? ಯಾರ ಮನೆಯವಳೇ ನೀನು?"

ಮುಖ ಒರೆಸಿಕೊಂಡು ನಿಂತೆ. ನನ್ನ ಅಪ್ಪನ ತಾಯಿ ಮೈಸೂರಿನಲ್ಲಿದ್ದರು. ನಾವು ಸಿಂಗಪುರದಿಂದ ರಜೆಗೆ ಹೋದಾಗ ಒಮ್ಮೆ, ಎತ್ತರದ ಗಳುವಿನ ಮೇಲೆ ಒಣಗುತ್ತಿದ್ದ ಅವರ ಮಡಿಸೀರೆಯ ತುದಿಯನ್ನು ಜಿಗಿದು ಮುಟ್ಟಿದ್ದೆ. ಅವರು ಬೈಯಲಿಲ್ಲ. ಕೋಲಿನಿಂದ ಸೀರೆ ಇಳಿಸಿ, ಮತ್ತೆ ನೀರಿಗೆ ಹಾಕಿ, ಹಿಂಡಿ, ಹರಡಿದರು. ಅಷ್ಟು ಹೊತ್ತೂ ನನ್ನ ಕಡೆ ನೋಡಲಿಲ್ಲ. ಈ ಅಜ್ಜಿಯ ಮುಖದಲ್ಲಿ ನಾನು ಕಂಡದ್ದು ಅದೇ ನೋಟ. ಇದು ನೋವಲ್ಲ, ಭಯವೂ ಅಲ್ಲ, ಮೈಲಿಗೆಯಾಯಿತು ಎಂಬ ಸಿಟ್ಟು.

ಮರುದಿನ ನಮ್ಮ ಮನೆಯ ಅಡುಗೆಮನೆಯಿಂದ ಸ್ಟೀಲ್ ಚೊಂಬನ್ನು ಚೀಲಕ್ಕೆ ಹಾಕಿಕೊಂಡೆ. ಅಮ್ಮ ನೋಡಿದಳು.

"ಅದ್ಯಾಕೆ?"

"ಒಬ್ರು ಅಜ್ಜಿಗೆ ಸ್ನಾನ ಮಾಡಿಸಕ್ಕೆ."

"ಕಜ್ಜಿ ಅಜ್ಜಿಗಾ? ಸರಿ, ತಗೊಂಡ್ಹೋಗು. ವಾಪಸ್ ಮಾತ್ರ ತರಬೇಡ ಕಣೇ."

ಕೋಣೆಯ ಬಾಗಿಲಲ್ಲಿ, ಅಜ್ಜಿಗೆ ಕಾಣುವ ಹಾಗೆ ನಿಂತು, ಕೈ ತೊಳೆದೆ. ಹೊಸ ಗೌನನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ತೊಟ್ಟೆ. "ಅಜ್ಜಿ, ನೋಡಿ, ಮಡೀಲಿ ಬಂದಿದೀನಿ" ಎಂದೆ.

ಅವರು ಬಹಳ ಹೊತ್ತು ನೋಡಿದರು. "ಯಾರನ್ನೂ ಮುಟ್ಟಿಲ್ಲ ತಾನೇ?"

"ಇಲ್ಲ ಅಜ್ಜಿ. ಈಗ ತಾನೇ ಉಟ್ಟಿದ್ದು."

"ಹಳದೀದು ಯಾಕೆ?"

"ಇಲ್ಲಿ ಹಂಗೇ ಅಜ್ಜಿ."

ಅವರು ಕೈ ಚಾಚಿದರು. ಅವತ್ತು ಚೊಂಬಿನಲ್ಲಿ ಹೆಗಲ ಮೇಲೆ ನೀರು ಹೊಯ್ದೆ; ಅವರು ಕಣ್ಣು ಮುಚ್ಚಿಕೊಂಡು ಏನೋ ಮಣಮಣ ಹೇಳುತ್ತಿದ್ದರು. ಹಕ್ಕಳೆ ನೀರಿಗೆ ಮೆದುವಾಗಿ ಕಳಚಿಬಂತು. ಕಚ್ಚಲಿಲ್ಲ, ಒದೆಯಲಿಲ್ಲ. ಸ್ನಾನವಾದ ಮೇಲೆ ಚೊಂಬನ್ನು ಎದೆಗೆ ಅವಚಿಕೊಂಡರು. ಬಿಡಿಸಿಕೊಳ್ಳಲು ಹೋದರೆ ಮತ್ತೆ ಹಲ್ಲು ತೋರಿಸಿದರು. ಲೋಹದ ಗಟ್ಟಿ ವಸ್ತುಗಳನ್ನು ಹಾಸಿಗೆಯ ಹತ್ತಿರ ಬಿಡಬಾರದು ಎಂಬ ನಿಯಮ ನನಗೆ ಗೊತ್ತಿತ್ತು. ಬಿಟ್ಟೆ. ಅವರ ಸಾಮಾನಿನ ಪಟ್ಟಿಯಲ್ಲಿ ಬರೆಯಲಿಲ್ಲ.

ಪ್ರತಿದಿನ ನಾನೇ ಬರುವ ಹಾಗಿರಲಿಲ್ಲ. ಆದ್ದರಿಂದ ಆ ಮ್ಯಾನ್ಮಾರಿನ ಗೆಳತಿಗೆ ಕಲಿಸಿದೆ. ಬಾಗಿಲಲ್ಲಿ ನಿಲ್ಲು, ಅವರು ನೋಡುವ ಹಾಗೆ ಗೌನು ತೊಡು, "ಮಡಿ, ಅಜ್ಜಿ, ಮಡಿ" ಎನ್ನು, ಆಮೇಲೆ ಮುಟ್ಟು. ಹಾಗೆಂದರೇನು ಎಂದು ಅವಳು ಕೇಳಿದಳು. "ಕ್ಲೀನ್ ಅಂತ" ಎಂದೆ. ಅಷ್ಟೇ ಹೇಳಿದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ಮೈಸೂರಿನ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಹಿಂದಿನ ಬಾಗಿಲಿನಿಂದ ಬಂದು ಹಿಂದಿನ ಬಾಗಿಲಿನಿಂದಲೇ ಹೋಗುತ್ತಿದ್ದಳು. ಅವಳು ತೊಳೆದಿಟ್ಟ ಪಾತ್ರೆಯ ಮೇಲೆ ನನ್ನ ಅಜ್ಜಿ ಮತ್ತೊಮ್ಮೆ ನೀರು ಹೊಯ್ದು ಒಳಗೆ ತರುತ್ತಿದ್ದರು. ಅದನ್ನು ಇವಳಿಗೆ ಹೇಗೆ ಹೇಳುವುದು?

ಅವಳು ಬೇಗ ಕಲಿತಳು. ದಿನಾ ಬೆಳಿಗ್ಗೆ ಬಾಗಿಲಲ್ಲಿ ಹಳದಿ ಗೌನು ಹರಡಿ ತೋರಿಸಿ, ಹಾಡಿನ ಹಾಗೆ ಎಳೆದು, "ಮಡೀ, ಅಜ್ಜೀ, ಮಡೀ" ಎನ್ನುತ್ತಿದ್ದಳು. ಅಜ್ಜಿ ತಲೆ ಆಡಿಸುತ್ತಿದ್ದರು. ಹೀಗೆ ಶುರು ಮಾಡಿದ ಮೊದಲ ವಾರ ಅವಳನ್ನು ಎರಡು ಸಲ ಕಚ್ಚಿದರು. "ಎರಡೇ ಲಾ. ಹೋದ ವಾರ ಆರು. ನನಗೆ ಬೋನಸ್ ಕೊಡ್ಬೇಕು" ಎಂದಳು. ಆಮೇಲೆ ಅದೂ ನಿಂತಿತು. ಮ್ಯಾನೇಜರ್ ಬೆಳಗಿನ ಮೀಟಿಂಗಿನಲ್ಲಿ ಎಲ್ಲರ ಎದುರು ನನ್ನನ್ನು ಹೊಗಳಿದರು. ಅಜ್ಜಿಯ ಆರೈಕೆಯ ಯೋಜನೆಯಲ್ಲಿ ಹೊಸ ಸಾಲು ಸೇರಿತು: ಮುಟ್ಟುವ ಮೊದಲು "ಮಡಿ" ಎಂದು ಹೇಳುವುದು.

ಗೌನಿನ ವಿಷಯ ಬರೆದಿರಲಿಲ್ಲ. ಗೌನು ಫಲಕದ ನಿಯಮ ಎಂದು ಎಲ್ಲರೂ ತಿಳಿದಿದ್ದರು. ಅಜ್ಜಿಗೆ ಗೌನೇ ಮಡಿ ಎಂಬುದು ಗೊತ್ತಿದ್ದದ್ದು ನನಗೆ ಮಾತ್ರ.

ಮೂರು ವಾರ ಮುಗಿದು, ಚರ್ಮ ಕೆರೆದು ಪರೀಕ್ಷೆ ಮಾಡಿದಾಗ ಹುಳು ಇರಲಿಲ್ಲ. ಫಲಕ ತೆಗೆದರು. ಅಜ್ಜಿಯನ್ನು ನಾಲ್ಕು ಹಾಸಿಗೆಯ ಕೋಣೆಗೆ, ಕಿಟಕಿಯ ಪಕ್ಕಕ್ಕೆ ಸಾಗಿಸಿದರು. ಮರುದಿನ ಬೆಳಿಗ್ಗೆ ನನ್ನನ್ನು ಆ ಮಹಡಿಗೆ ಹಾಕಿದ್ದರು. ಕೆಲಸ ವಹಿಸಿಕೊಳ್ಳುವಾಗ, "ಇನ್ನು ಗೌನು ಬೇಡ, ಮಾಮೂಲಿ ಎಚ್ಚರಿಕೆ ಸಾಕು" ಎಂಬುದನ್ನು ನಾನೂ ಕೇಳಿಸಿಕೊಂಡೆ. ಒಂದು ಕ್ಷಣ ಮನಸ್ಸಿಗೆ ಬಂತು: ಅಜ್ಜಿ ಏನಂದಾರು? ಅಷ್ಟರಲ್ಲಿ ರಾತ್ರಿ ಪಾಳಿಯ ನರ್ಸ್ ಮುಂದಿನ ರೋಗಿಯ ಸಕ್ಕರೆ ಮಟ್ಟವನ್ನು ಓದತೊಡಗಿದರು. ಆ ಯೋಚನೆ ಹೋಯಿತು.

ಬೆಳಗಿನ ತಿಂಡಿ ಮುಗಿದಿತ್ತು. ನಾನು ಬಾಗಿಲ ಹತ್ತಿರದ ಹಾಸಿಗೆಯಲ್ಲಿ ಇನ್ನೊಬ್ಬ ಮುದುಕಿಯ ಡೈಪರ್ ಬದಲಿಸುತ್ತಿದ್ದೆ. ಕೋಣೆಯ ಉಳಿದ ಇಬ್ಬರು ನಿದ್ದೆಯಲ್ಲಿದ್ದರು. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ಚೊಂಬು ಇಟ್ಟುಕೊಂಡು, ಸ್ನಾನಕ್ಕೆ ಕಾಯುತ್ತಿದ್ದರು. ನನಗೂ ಅವರಿಗೂ ನಡುವೆ ಐದು ಹೆಜ್ಜೆ. ಪರದೆ ಎಳೆದಿರಲಿಲ್ಲ. ಎಲ್ಲವೂ ಕಾಣುತ್ತಿತ್ತು.

ಗೆಳತಿ ಒಳಗೆ ಬಂದಳು. ನೇರಳೆ ಬಣ್ಣದ ಸಮವಸ್ತ್ರ, ಗಿಡ್ಡ ತೋಳು, ಬರಿಗೈ. ಬಾಗಿಲ ಬಳಿಯ ಡಬ್ಬದಿಂದ ಕೈ ಶುಚಿ ಮಾಡುವ ದ್ರಾವಣ ಒತ್ತಿ ಕೈ ಉಜ್ಜಿಕೊಂಡಳು. ನಿಯಮದ ಪ್ರಕಾರ ಅವಳ ಕೈ ಶುಚಿಯಾಗಿತ್ತು. ಅಜ್ಜಿಯ ಮುಂದೆ ನಿಂತು ಎಂದಿನ ಹಾಗೆ ಎಳೆದಳು, "ಮಡೀ, ಅಜ್ಜೀ, ಮಡೀ."

ಅಜ್ಜಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಎಲ್ಲೇ ಮಡಿ?" ಎಂದರು. "ಸುಳ್ಳಿ."

ಗೆಳತಿಗೆ ಅರ್ಥವಾಗಲಿಲ್ಲ. "ಮಡಿ, ಮಡಿ" ಎಂದು ನಗುತ್ತಾ, ಎಬ್ಬಿಸಲು ಎರಡೂ ಕೈಗಳನ್ನು ಅವರ ಕಂಕುಳಿಗೆ ಹಾಕಿದಳು.

ಮೊದಲ ಏಟು ಎಡ ಹುಬ್ಬಿನ ಮೇಲೆ ಬಿತ್ತು. ಚೊಂಬಿನ ಅಂಚು ತಾಗಿದ್ದು. ಸದ್ದು ದೊಡ್ಡದೇನಲ್ಲ, ಟೊಣ್ ಎಂದು, ಅಡುಗೆಮನೆಯಲ್ಲಿ ಕೇಳುವಂಥದ್ದು. ಅವಳ ಕೈ ಅಜ್ಜಿಯ ಕಂಕುಳಲ್ಲೇ ಇತ್ತು. ಬಿಟ್ಟರೆ ಅಜ್ಜಿ ಬೀಳುತ್ತಿದ್ದರು. ಅವಳು ಬಿಡಲಿಲ್ಲ.

ಇಲ್ಲಿ ನಾನು ಏನು ಮಾಡಿದೆ ಎಂಬುದನ್ನು ಸರಿಯಾಗಿ ಬರೆಯಬೇಕು. ನನ್ನ ಕೈಯಲ್ಲಿ ಮಲದ ಡೈಪರ್ ಇತ್ತು. ಅದನ್ನು ಸುತ್ತಿದೆ. ಪೆಡಲ್ ಒತ್ತಿ ಕಸದ ಡಬ್ಬದೊಳಗೆ ಹಾಕಿದೆ. ಬಲಗೈ ಗ್ಲೌಸನ್ನು ಮಣಿಕಟ್ಟಿನ ಬಳಿ ಹೊರಗಿನಿಂದ ಚಿವುಟಿ ಹಿಡಿದು, ಒಳಮೈ ಹೊರಗಾಗುವ ಹಾಗೆ ಎಳೆದೆ. ಅದನ್ನು ಎಡಗೈಯ ಮುಷ್ಟಿಯಲ್ಲಿ ಮುದುರಿದೆ. ಬಲಗೈಯ ಬೆರಳನ್ನು ಎಡ ಗ್ಲೌಸಿನ ಒಳಗೆ ತೂರಿಸಿ, ಹೊರಮೈ ಮುಟ್ಟದ ಹಾಗೆ, ಒಂದರೊಳಗೊಂದು ಸುತ್ತಿ ತೆಗೆದೆ. ಮತ್ತೆ ಪೆಡಲ್ ಒತ್ತಿದೆ. ಮುಚ್ಚಳ ಬಿತ್ತು. ಗೋಡೆಯ ದ್ರಾವಣದ ಡಬ್ಬಕ್ಕೆ ಕೈ ಚಾಚಿ ಒತ್ತಿದೆ. ಅಂಗೈಗೆ ಅಂಗೈ ಉಜ್ಜಿದೆ.

ಒಂದು ತಪ್ಪನ್ನೂ ಮಾಡಲಿಲ್ಲ. ಗೊಂಬೆಯ ಮೇಲೆ ಕಲಿತ ಹಾಗೆಯೇ. ಆಮೇಲೆ ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅಷ್ಟನ್ನೂ ಮತ್ತೆ ಮಾಡಿ ನೋಡಿದೆ. ಹತ್ತೊಂಬತ್ತು ಸೆಕೆಂಡು.

ಆ ಹತ್ತೊಂಬತ್ತು ಸೆಕೆಂಡಿನಲ್ಲಿ ಎರಡನೆಯ ಏಟು ಕೆನ್ನೆಯ ಮೂಳೆಗೆ ಬಿತ್ತು. ಹುಬ್ಬಿನಿಂದ ಸುರಿದ ರಕ್ತ ಅವಳ ಎಡಗಣ್ಣು ತುಂಬಿತ್ತು. "ಸಿಸ್ಟರ್" ಎಂದು ಒಮ್ಮೆ ಕರೆದಳು, ಕಿರುಚದೆ. ಅಜ್ಜಿಯನ್ನು ನಿಧಾನ ಕುರ್ಚಿಗೆ ಇಳಿಸಿದಳು. ಇಳಿಸುವಾಗ ಮೂರನೆಯ ಏಟು, ಬಾಯಿಗೆ. ಮೇಲಿನ ತುಟಿ ಸೀಳಿತು. ಆಗ ಅವಳು ಅಜ್ಜಿಯ ಮಣಿಕಟ್ಟು ಹಿಡಿದು ತಿರುಚಿದಳು. ಚೊಂಬು ನೆಲಕ್ಕೆ ಬಿದ್ದು, ಉರುಳಿ, ನನ್ನ ಪಾದದ ಹತ್ತಿರ ಬಂದು ನಿಂತಿತು. ಅವಳು ಬಲಗೈ ಎತ್ತಿ, ಅಂಗೈ ಬಿಚ್ಚಿ, ಅಜ್ಜಿಯ ಎಡಗೆನ್ನೆಗೆ ಹೊಡೆದಳು. ಒಂದು ಸಲ.

ಅಷ್ಟರಲ್ಲಿ ನಾನು ತಲುಪಿದ್ದೆ. ನನ್ನ ಕೈ ಇನ್ನೂ ಒದ್ದೆ ಇತ್ತು.

ಅಜ್ಜಿ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ನನ್ನನ್ನು ನೋಡಿ, "ನೀನಾದ್ರೂ ಹೇಳಬಾರ್ದೇನೇ ಅವಳಿಗೆ" ಎಂದರು.

ಗೆಳತಿಯ ಹುಬ್ಬಿಗೆ ಐದು ಹೊಲಿಗೆ ಬಿತ್ತು, ತುಟಿಗೆ ಎರಡು. ಕಣ್ಣು ಉಳಿಯಿತು. ಅಜ್ಜಿಯ ಮಣಿಕಟ್ಟಿನಲ್ಲಿ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಬೆರಳಿನ ಗುರುತು ನೀಲಿಯಾಯಿತು. ಕೆನ್ನೆ ಕೆಂಪಗಿತ್ತು. ಕಂಡದ್ದನ್ನು ಹೇಳಬಲ್ಲ ಸಾಕ್ಷಿ ಆ ಕೋಣೆಯಲ್ಲಿ ನಾನೊಬ್ಬಳೇ. ಗೆಳತಿ ಮ್ಯಾನೇಜರಿಗೆ ಹೇಳಿದ್ದು, ಚೊಂಬು ಬಿಡಿಸಲು ಕೈ ಹಿಡಿದೆ ಎಂದು ಮಾತ್ರ. ಕೆನ್ನೆಯ ವಿಷಯ ಹೇಳಿರಲಿಲ್ಲ. ನಮ್ಮ ಹೋಮಿನಲ್ಲಿ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ: ಆರೈಕೆಯಲ್ಲಿರುವವರ ಮೇಲೆ ಕೈ ಎತ್ತಿದ ಸಿಬ್ಬಂದಿ ಉಳಿಯುವಂತಿಲ್ಲ. ಅವಳ ಮಟ್ಟಿಗೆ ಕೆಲಸ ಹೋದರೆ ಪರ್ಮಿಟ್ಟೂ ಹೋದಂತೆ, ಪರ್ಮಿಟ್ ಹೋದರೆ ದೇಶ ಬಿಟ್ಟು ಹೋಗಬೇಕು. ಅವಳು ಇಲ್ಲಿ ಉಳಿಯುವುದೋ ಬಿಡುವುದೋ ನಾನು ಬರೆಯುವ ಒಂದು ಸಾಲಿನ ಮೇಲೆ ನಿಂತಿತ್ತು.

ಊಟದ ಕೋಣೆಯಲ್ಲಿ ಅವಳು ನನ್ನ ಎದುರು ಕೂತಳು. ಊದಿದ ತುಟಿಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ರಿಪೋರ್ಟ್ ನೀನೇ ಬರಿಯೋದಾ?"

"ಹೌದು."

"ನೋಡಿದ್ದು ಬರಿ. ಬರೀಬೇಡ ಅಂತ ನಾನು ಹೇಳಲ್ಲ." ಸ್ಟ್ರಾ ಹಾಕಿಕೊಂಡು ಸೋಯಾ ಹಾಲು ಹೀರಿದಳು. "ಆದ್ರೆ ಮೊದಲಿಂದ ಬರಿ. ನನ್ನ ಕೈಯಿಂದ ಶುರು ಮಾಡ್ಬೇಡ."

ಮೊದಲಿನಿಂದ ಬರೆದೆ. ಮನೆಯಿಂದ ಚೊಂಬು ತಂದದ್ದು ನಾನು. ಪಟ್ಟಿಯಲ್ಲಿ ಸೇರಿಸದೆ ಹಾಸಿಗೆಯ ಬಳಿ ಬಿಟ್ಟದ್ದು ನಾನು. ಗೌನನ್ನು ಮಡಿ ಎಂದು ನಂಬಿಸಿದ್ದು ನಾನು. ಗೌನು ನಿಂತ ದಿನ ಯಾರಿಗೂ ಎಚ್ಚರಿಸದೆ ಸುಮ್ಮನಿದ್ದದ್ದು ನಾನು. ಮೊದಲ ಏಟಿನ ನಂತರ ಗ್ಲೌಸ್ ಕಳಚುತ್ತಾ ನಿಂತದ್ದು ನಾನು. ಇಷ್ಟು ಬರೆದು, ಪೆನ್ನು ಕೆಳಗಿಟ್ಟೆ. ಕೆನ್ನೆಯ ಸಾಲನ್ನು ಬರೆಯದೆ ಬಿಟ್ಟರೆ ಕೇಳುವವರಿಲ್ಲ. ಅಜ್ಜಿ ಹೇಳಲಾರರು, ಹೇಳಿದರೂ ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾದವಳು ನಾನೇ. ಆಗ ಗಿಣ್ಣಿನ ನೀಲಿ ಗುರುತು ನೆನಪಾಯಿತು. ಅದನ್ನೂ ನಾನೇ ಬರೆದಿದ್ದೆ, ಮಾಡಿದವರ ಹೆಸರಿಲ್ಲದೆ. ಆ ಮುದುಕಿಯ ದೇಹದ ಮೇಲೆ ಇನ್ನೊಂದು ಗುರುತನ್ನು ಹಾಗೆ ಬಿಡಲು ಕೈ ಬರಲಿಲ್ಲ. ಬರೆದೆ: ಬಲಗೈ, ಬಿಚ್ಚಿದ ಅಂಗೈ, ಎಡಗೆನ್ನೆ, ಒಂದು ಸಲ. ಅದರ ಕೆಳಗೆ ಗಿಣ್ಣಿನದೂ ಬರೆದು ನನ್ನ ಹೆಸರು ಹಾಕಿದೆ.

ಮೂರು ಪುಟವಾಗಿತ್ತು. ಮ್ಯಾನೇಜರ್ ನಿಧಾನವಾಗಿ ಓದಿದರು. ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಹೆಂಗಸು, ಕೆಟ್ಟವರಲ್ಲ.

"ಇಷ್ಟೆಲ್ಲ ಬೇಡ ಲಾ. ಅಜ್ಜಿ ಏನು ನಂಬ್ತಾರೆ, ಬಿಡ್ತಾರೆ, ಅದು ಫಾರ್ಮಲ್ಲಿ ಹಿಡಿಯಲ್ಲ. ಯಾರು, ಯಾರಿಗೆ, ಎಷ್ಟು ಸಲ. ಅಷ್ಟು ಸಾಕು."

"ಮೊದಲಿನದು ಇಲ್ಲದೆ ಕೊನೇದು ಸುಳ್ಳಾಗುತ್ತೆ ಮೇಡಂ."

"ಸುಳ್ಳಾಗಲ್ಲ. ಚಿಕ್ಕದಾಗುತ್ತೆ" ಎಂದರು. ಮೂರು ಪುಟವನ್ನೂ ಫಾರ್ಮಿಗೆ ಪಿನ್ನು ಹೊಡೆದು ಸೇರಿಸಿದರು. ಫಾರ್ಮಿನಲ್ಲಿ ಆರು ಗೆರೆ ಇತ್ತು. ಆರನೆಯದರಲ್ಲಿ ಕೆನ್ನೆಯ ಏಟು.

ಸಂಜೆ ಅಜ್ಜಿಯ ಮಗ ಬಂದರು. ತಂಜಾಂಗ್ ಪಗಾರಿನ ಯಾವುದೋ ಬ್ಯಾಂಕಿನಲ್ಲಿ ಕೆಲಸ. ಕತ್ತಿನಲ್ಲಿ ಆಫೀಸಿನ ಕಾರ್ಡು ಇನ್ನೂ ನೇತಾಡುತ್ತಿತ್ತು. ತಾಯಿಯ ಕೈ, ಕೆನ್ನೆ ನೋಡಿದರು. ಪೊಲೀಸಿಗೆ ಕೊಡುತ್ತೇನೆ ಎಂದು ಮ್ಯಾನೇಜರಿಗೆ ಹೇಳಿ ಹೊರಗೆ ಬಂದರು. ಲಿಫ್ಟಿನ ಬಳಿ ನಾನು ನಿಂತಿದ್ದೆ.

"ನೀವೇ ಅಲ್ವಾ ಕನ್ನಡದವರು? ಏನಾಯ್ತು ಹೇಳಿ. ಇವ್ರು ಫಾರ್ಮ್ ಓದಿ ಹೇಳ್ತಾರೆ, ನಂಗೆ ತಲೆಗೆ ಹೋಗ್ತಿಲ್ಲ."

ಕೆಳಗೆ, ಕಟ್ಟಡದ ಅಡಿಯ ತೆರೆದ ಜಾಗದಲ್ಲಿ, ಕಲ್ಲಿನ ಮೇಜಿನ ಎದುರು ಕೂತು ಎಲ್ಲವನ್ನೂ ಹೇಳಿದೆ. ಮಡಿ ಎಂಬ ಮಾತು ಬಂದಾಗ ಅವರು ತಲೆ ಎತ್ತಿದರು. ಅವರಿಗೆ ಅದನ್ನು ವಿವರಿಸಬೇಕಾಗಲಿಲ್ಲ. ಚೊಂಬು ಎಂದಾಗ ಕೈಯಿಂದ ಮುಖ ಒರೆಸಿಕೊಂಡರು.

"ಸ್ಟೀಲ್ ಚೊಂಬಾ?"

"ಹೌದು ಅಂಕಲ್."

"ನಂಗೆ ಎಂಟು ವರ್ಷ ಇರಬೇಕು. ಮುಸುರೆ ತಿಕ್ಕೋಳು ಮಳೆ ಬಂತು ಅಂತ ನಡುಮನೆಗೆ ಬಂದು ನಿಂತಳು. ಅಮ್ಮ ಪೂಜೆ ಮುಗಿಸಿ ಬರ್ತಿದ್ರು. ಸೀರೆ ತಾಗಿತು. ಕೈಲಿದ್ದ ಚೊಂಬಲ್ಲಿ ಹೊಡೆದ್ರು. ತಲೆಗೆ." ಆಮೇಲೆ ಸೇರಿಸಿದರು, "ಆಗ ಅಮ್ಮಂಗೆ ಮರೆವು ಗಿರೆವು ಏನೂ ಇರಲಿಲ್ಲ."

"ಆಮೇಲೆ?"

"ಆಮೇಲೆ ಏನು? ಅವಳು ರಕ್ತ ಒರೆಸ್ಕೊಂಡು ಹೋದಳು. ಅಮ್ಮ ಮತ್ತೆ ಸ್ನಾನ ಮಾಡಿದ್ರು. ನಂಗೆ ಊಟ ಲೇಟಾಯ್ತು." ಕಾರ್ಡನ್ನು ಕತ್ತಿನಿಂದ ತೆಗೆದು ಜೇಬಿಗೆ ಹಾಕಿದರು. "ಆ ಹೆಂಗಸು ತಿರುಗಿ ಹೊಡೀಲಿಲ್ಲ. ಈ ಹುಡುಗಿ ಹೊಡೆದಳು. ಅಷ್ಟೇ ವ್ಯತ್ಯಾಸ."

ಅವರು ಪೊಲೀಸರಿಗೆ ದೂರು ಕೊಡಲಿಲ್ಲ. ಗೆಳತಿಯನ್ನು ಇಟ್ಟುಕೊಳ್ಳಿ ಎಂದು ಮ್ಯಾನೇಜರಿಗೆ ಹೇಳಿದರು ಕೂಡ. ಆದರೆ ಆರನೆಯ ಗೆರೆ ಆಗಲೇ ಮೇಲಿನ ಕಚೇರಿ ಸೇರಿತ್ತು. ನಿಯಮ ನಿಯಮವೇ ಎಂದು ಉತ್ತರ ಬಂತು. ನನಗೆ ಎಚ್ಚರಿಕೆಯ ಪತ್ರ ಕೊಟ್ಟರು; ಅವಳ ಪರ್ಮಿಟ್ ರದ್ದಾಯಿತು.

ಹೋಗುವ ಹಿಂದಿನ ದಿನ ಅವಳು ಸಮವಸ್ತ್ರ ಹಿಂತಿರುಗಿಸಲು ಬಂದಿದ್ದಳು. ಹೊಲಿಗೆ ತೆಗೆದಿದ್ದರು. ಹುಬ್ಬಿನ ನಡುವೆ ಕೂದಲಿಲ್ಲದ ಗುಲಾಬಿ ಗೆರೆ. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತೆವು.

"ಈಗಲಾದ್ರೂ ಹೇಳು. ಮಡಿ ಅಂದ್ರೆ ಏನು?"

ಈ ಸಲ ಕ್ಲೀನ್ ಎನ್ನಲಿಲ್ಲ. ಗಳುವಿನ ಮೇಲಿನ ಸೀರೆಯ ವಿಷಯ ಹೇಳಿದೆ, ಹಿಂದಿನ ಬಾಗಿಲಿನ ವಿಷಯ ಹೇಳಿದೆ. ನಮ್ಮ ನರ್ಸಿಂಗ್ ಪಾಠದಲ್ಲಿ ಎಲ್ಲರ ಕೈಯೂ ಕೊಳೆ, ಮೊದಲು ನನ್ನದು. ಮಡಿಯಲ್ಲಿ ಕೊಳೆ ಯಾವಾಗಲೂ ಇನ್ನೊಬ್ಬರದು ಎಂದೆ.

ಅವಳು ಮಡಚಿದ ಸಮವಸ್ತ್ರದ ಅಂಚನ್ನು ಬೆರಳಿನಿಂದ ತೀಡುತ್ತಾ ಕೇಳಿಸಿಕೊಂಡಳು. "ಅಂದ್ರೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ನಾನು ಕೊಳಕಲ್ಲ, ನಾನು ಕೊಳಕಲ್ಲ, ಅಂತ ಹೇಳ್ತಿದ್ದೆ."

"ಹೌದು."

"ಹಾಡಿನ ತರ ಬೇರೆ."

ಅವಳು ಎದ್ದಳು. ನಾನೂ ಎದ್ದು ಕೈ ಚಾಚಿದೆ. ಅವಳು ಅದನ್ನು ನೋಡಿದಳು.

"ಆವತ್ತು ಕಣ್ಣಲ್ಲಿ ರಕ್ತ ಇತ್ತು, ನೀನು ಕಾಣ್ತಿರಲಿಲ್ಲ" ಎಂದಳು. "ಕಸದ ಡಬ್ಬದ ಮುಚ್ಚಳ ಮಾತ್ರ ಕೇಳಿಸ್ತು. ಒಂದು ಸಲ. ಆಮೇಲೆ ಇನ್ನೊಂದು ಸಲ. ಓಹ್, ಸಿಸ್ಟರ್ ಗ್ಲೌಸ್ ತೆಗೀತಿದಾಳೆ, ಇನ್ನೇನು ಬರ್ತಾಳೆ ಅಂದ್ಕೊಂಡೆ."

ಹಾಗೆಂದು ನನ್ನ ಕೈಯನ್ನು ಹಿಡಿದಳು. ಅವಳ ಅಂಗೈ ಒರಟಾಗಿತ್ತು, ನನ್ನದರ ಹಾಗೆಯೇ; ದಿನಕ್ಕೆ ಎಷ್ಟೋ ಸಲ ತೊಳೆದು ಒಣಗಿದ ಚರ್ಮ. ಸ್ವಲ್ಪ ಹೊತ್ತು ಹಿಡಿದಿದ್ದು, ಬಿಟ್ಟು ಹೋದಳು.

ಅಜ್ಜಿಯ ಎರಡೂ ಕೈಗೆ ಈಗ ದಪ್ಪ ಬಟ್ಟೆಯ ಚೀಲ ಹಾಕಿರುತ್ತಾರೆ. ಸ್ನಾನದ ಹೊತ್ತಿಗೆ ಮಾತ್ರ ಬಿಚ್ಚುತ್ತೇವೆ. ನಾಲ್ಕನೆಯ ಮಹಡಿಗೆ ನಾನೇ ಕೇಳಿ ಹಾಕಿಸಿಕೊಂಡಿದ್ದೇನೆ. ಬರಿಗೈಯಲ್ಲಿ, ಗೌನಿಲ್ಲದೆ ಅವರ ಮುಂದೆ ನಿಲ್ಲುತ್ತೇನೆ. "ಅಜ್ಜಿ, ನಾನು ಮಡೀಲಿಲ್ಲ. ಬೇರೆಯವರನ್ನ ಮುಟ್ಟಿ ಬಂದಿದೀನಿ. ಕೈ ತೊಳೆದಿದೀನಿ. ಈಗ ನಿಮ್ಮನ್ನ ಮುಟ್ತೀನಿ" ಎಂದು ಹೇಳಿ, ಅವರ ಬಲಗೈಯ ಚೀಲ ಬಿಚ್ಚುತ್ತೇನೆ. ಆ ಕೈ ಮೊದಲು ಮಾಡುವ ಕೆಲಸ ನನ್ನನ್ನು ಹೊಡೆಯುವುದು. ತಡೆಯಬಹುದು. ಕೆಲವು ದಿನ ತಡೆಯುತ್ತೇನೆ.